ಬೋನಿನೊಳಗಿನ ಡುಮ್ಮಣ್ಣ, ಚಿಟ್ಟಿಯವರ ಸನ್ನಿಧಾನಕ್ಕೆ

ಮಾನ್ಯರೇ,

ಹುಣಸೂರಿನ ನಮ್ಮ ನಡುಮನೆಯನ್ನು ಮೂರು ತಿಂಗಳ ಎಳೆಯ ಪ್ರಾಯದಲ್ಲೇ ಜಯಿಸಿ, ನನ್ನ ಎಡಗಾಲಿನ ಚಪ್ಪಲಿಯನ್ನು ಕಪ್ಪವಾಗಿ ಸ್ವೀಕರಿಸಿರುವ ಶ್ರೀಮಾನ್ ಡುಮ್ಮಣ್ಣನವರೇ, ಬಲಗಾಲಿನದನ್ನು ಸ್ವೀಕರಿಸಿರುವ ಅವರ ಒಡಹುಟ್ಟು ಕುಮಾರಿ ಚಿಟ್ಟಿಯವರೇ, ಮೂವತ್ತು ವರ್ಷ ರಂಗದ ಮೇಲೆ ಗದೆ ಹೊತ್ತು ಗರ್ಜಿಸಿ, ಈಗ ತಮ್ಮ ಮುಂದೆ ಹಾಲನ್ನದ ಬಟ್ಟಲು ಹಿಡಿದು ನಿಂತಿರುವ ನಟರಾಜುವಿನ ಸಾಷ್ಟಾಂಗ ಪ್ರಣಾಮಗಳು.

ತಾವು ನಾಯಿಮರಿಗಳೆಂದು ನೆನಪಿಸುವುದು ಉದ್ಧಟತನವಾದರೂ, ವಿಷಯಕ್ಕೆ ಬರದೆ ವಿಧಿಯಿಲ್ಲ. ‘ಒಂದ್ ಮರಿ ಸಾಕ್ತೀನಿ ಕಣ್ರೀ, ಎರಡು ನನ್ ಕೈಲಾಗಕಿಲ್ಲ’ ಎಂದು ನನ್ನ ಧರ್ಮಪತ್ನಿ ವಾಣಿಶ್ರೀ ಆಜ್ಞಾಪಿಸಿದ್ದರಿಂದ, ಚಿಟ್ಟಿಯವರನ್ನು ಭೇರ್ಯದಲ್ಲಿರುವ ನನ್ನ ತಂಗಿ ಸುನಂದಮ್ಮನಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು. ಬೆಳಿಗ್ಗೆ ಗದ್ದೆಗೆ ಹೋದರೆ ಮಧ್ಯಾಹ್ನ ಮನೆಗೆ ಬರುವ ಆಕೆಯದು ಒಂದೇ ಷರತ್ತು: ‘ಒಂಟಿಯಾಗಿ ಬೋನಲ್ಲಿ ಸುಮ್ಕೆ ಮನೀಕಂಡಿರ್ಬೇಕು ಕಣಣ್ಣ. ಊರು ಕಿತ್ತೋಗಂಗೆ ಕೂಗೋ ಮರಿ ನಂಗ್ ಬ್ಯಾಡ. ಭಾನ್ವಾರ ಬಂದು ನೋಡ್ತೀನಿ.’ ಅವಳು ಬೇಡವೆಂದರೆ ಚಿಟ್ಟಿಯವರು ಗುರುತು ಪರಿಚಯವಿಲ್ಲದ ಯಾರ ಮನೆಯ ಪಾಲಾಗುತ್ತಾರೋ ಎಂಬ ಭಯದಿಂದಲೇ ನಾನು ತಮ್ಮ ಶಿಕ್ಷಣಕ್ಕೆ ಟೊಂಕ ಕಟ್ಟಿದೆ.

ನಾಯಿಗಳನ್ನು ಪಳಗಿಸುವುದನ್ನೇ ಕಸುಬು ಮಾಡಿಕೊಂಡಿರುವ ಗೌರೀಶನ ಮಾತಿನಂತೆ ಎರಡು ಕಬ್ಬಿಣದ ಬೋನು ತಂದು, ನಡುಮನೆಯ ಆ ಮೂಲೆಗೊಂದು ಈ ಮೂಲೆಗೊಂದು ಇಟ್ಟು, ಒಳಗೆ ಹಳೇ ಕಂಬಳಿ ಹಾಸಿ, ತಮ್ಮ ಊಟವನ್ನೂ ಅಲ್ಲೇ ಬಡಿಸಿದೆ. ‘ಕೂಗಿದ್ರೆ ತಿರುಗ್ ನೋಡ್ಬ್ಯಾಡಿ ಮೇಷ್ಟ್ರೇ, ಸುಮ್ಮನಾದ್ಮೇಲೆ ಬಾಗ್ಲು ತೆಗೀರಿ’ ಎಂದಿದ್ದ ಗೌರೀಶ. ಉಪದೇಶವೇನೋ ಸರಳವಾಗಿತ್ತು; ಅದನ್ನು ಕೇಳಿಸಿಕೊಂಡವನು ಒಬ್ಬ ನಟ ಎಂಬುದೊಂದೇ ತೊಡಕು.

ಮೊದಲ ದಿನ ಬಾಗಿಲು ಹಾಕಿ, ತಮಗೆ ನಿದ್ದೆ ಬರಲೆಂದು ನಾನೊಂದು ಕಂದಪದ್ಯ ಎತ್ತಿಕೊಂಡೆ. ಮುಗಿಸಿದ್ದೇ ತಡ, ಡುಮ್ಮಣ್ಣನವರು ಕತ್ತೆತ್ತಿ ಊಳಿಟ್ಟರು. ಎದುರು ಮೂಲೆಯಿಂದ ಚಿಟ್ಟಿಯವರು ದನಿಗೂಡಿಸಿದರು. ಆಹಾ! ನಮ್ಮ ಕಡೆಯ ನಾಟಕಗಳಲ್ಲಿ ಜನ ‘ವನ್ಸ್ ಮೋರ್’ ಎಂದು ಕೂಗಿದರೆ, ರಣರಂಗದಲ್ಲಿ ಸತ್ತು ಬಿದ್ದ ಪಾತ್ರಧಾರಿಯೂ ಮೈ ಕೊಡವಿಕೊಂಡು ಎದ್ದು, ಅದೇ ಪದ್ಯವನ್ನು ಮತ್ತೆ ಹಾಡಿ, ಮತ್ತೆ ಸಾಯುವುದು ಪದ್ಧತಿ. ಆ ಸಂಸ್ಕಾರದಲ್ಲಿ ಬೆಳೆದವನು ತಿರುಗಿ ನೋಡದೆ ಇರುವುದುಂಟೇ? ಮತ್ತೆ ಹಾಡಿದೆ. ತಾವು ಮತ್ತೆ ಊಳಿಟ್ಟಿರಿ. ವಾರ ಕಳೆಯುವಷ್ಟರಲ್ಲಿ, ಕೂಗಿದೊಡನೆ ಹಾಡುವ ವಿದ್ಯೆಯನ್ನು ತಾವೇ ನನಗೆ ಕಲಿಸಿ ಮುಗಿಸಿದ್ದಿರಿ. ಪಕ್ಕದ ಮನೆಯ ಜಮೀಲುನ್ನೀಸಾ ಗೋಡೆಯಾಚೆಯಿಂದ ‘ಮೇಷ್ಟ್ರೇ, ಮೂರು ಜನದಲ್ಲಿ ಯಾರಾದ್ರೂ ಒಬ್ರು ನಿಲ್ಸಿದ್ರೂ ಸಾಕು’ ಎಂದು ಬೇಡಿಕೊಂಡರು.

ಇಂಥ ಶಿಸ್ತಿನ ಗುರುಗಳು ಒಂದು ಮನೆಗೆ ಸೀಮಿತರಾಗಬಾರದೆಂಬುದು ನನ್ನ ವಿನಂತಿ. ಕೂಗಿದೊಡನೆ ಬರುವುದನ್ನು ದಯವಿಟ್ಟು ನಮ್ಮ ಬೀದಿಯ ನಲ್ಲಿ ನೀರಿಗೂ ಕಲಿಸಿಕೊಡಿ. ಡುಮ್ಮಣ್ಣನವರು ಹಾರ್ಮೋನಿಯಂನ ಶ್ರುತಿಗೆ ಕೊಂಚ ಇಳಿದು ಬರಬೇಕು. ಚಿಟ್ಟಿಯವರು ತಾಳ ತಪ್ಪದೆ ಬೊಗಳಬೇಕು.

ಆದರೂ ನನ್ನ ದೂರು ತಮ್ಮ ಕೂಗಿನ ಬಗ್ಗೆಯಲ್ಲ, ಭಾನುವಾರದ ಮೌನದ ಬಗ್ಗೆ. ಅಂದು ಸುನಂದಮ್ಮ ಬಂದು ಚಾಪೆಯ ಮೇಲೆ ಕುಳಿತಳು. ನಾನು ಬೋನುಗಳ ಬಾಗಿಲು ಹಾಕಿದೆ, ನನ್ನ ಬಾಯಿಯನ್ನೂ ಮುಚ್ಚಿದೆ. ತಾವಿಬ್ಬರೂ ಒಂದು ಸುತ್ತು ತಿರುಗಿ, ಬಾಲವನ್ನು ಮೂಗಿಗೆ ತಾಗಿಸಿ ಮಲಗಿಬಿಟ್ಟಿರಿ. ಐದು ನಿಮಿಷ. ಹತ್ತು ನಿಮಿಷ. ‘ಭೇಷ್ ಕಣಣ್ಣ, ಈಗ್ಲೇ ಕರ್ಕಂಡೋಯ್ತೀನಿ’ ಎಂದು ಸುನಂದಮ್ಮ ಸೆರಗು ಸರಿಪಡಿಸಿಕೊಂಡು ಎದ್ದಳು. ಚಿಟ್ಟಿಯವರೇ, ಪರೀಕ್ಷೆಯಲ್ಲಿ ತಾವು ಗೆದ್ದಿರಿ. ಒಮ್ಮೆಯಾದರೂ ಕುಂಯ್ ಎನ್ನಬಾರದಿತ್ತೇ? ಅಣ್ಣನನ್ನು ಬಿಟ್ಟು ಹೋಗುವಾಗ ಒಂದು ನಿಟ್ಟುಸಿರೂ ಬೇಡವೇ? ತಾವು ಕಣ್ಣು ಕೂಡ ತೆರೆಯಲಿಲ್ಲ. ವಿಧಿಯಿಲ್ಲದೆ ನಾನೇ ಗಂಟಲು ಸರಿಮಾಡಿಕೊಂಡು ಪದ್ಯ ಎತ್ತಿದೆ. ತಾವಿಬ್ಬರೂ ದಿಗ್ಗನೆ ಎದ್ದು, ಸೂರಿನ ಹೆಂಚು ಹಾರುವಂತೆ ಊಳಿಟ್ಟಿರಿ.

‘ಮರೀದೇನೂ ತಪ್ಪಿಲ್ಲ ಕಣಣ್ಣ, ಬೋನಿಗಾಕ್ಬೇಕಾದ್ದು ನಿನ್ನ’ ಎಂದು ನಕ್ಕ ಸುನಂದಮ್ಮ, ಚಿಟ್ಟಿಯವರನ್ನು ಹೊರಗೆತ್ತಿ ನನ್ನ ಕೈಗಿತ್ತು, ಕೋಳಿಮರಿಗಾಯಿತೆಂದು ಖಾಲಿ ಬೋನನ್ನು ಹೊತ್ತು ಬಸ್ಸು ಹತ್ತಿದಳು. ಇನ್ನು ಚಿಟ್ಟಿಯವರು ಯಾರ ಪಾಲೋ ಎಂದು ನಾನು ಕಂಬಕ್ಕೊರಗಿ ನಿಂತಿದ್ದಾಗ, ವಾಣಿಶ್ರೀಯೇ ತೀರ್ಪಿತ್ತಳು: ‘ಎರಡೂ ಇರ್ಲಿ ಬುಡಿ. ಹಾಡು ಹಿತ್ತಿಲಿಗೋಗ್ಲಿ.’

ಹಿತ್ತಿಲಿಗೆ ವರ್ಗಾವಣೆಗೊಂಡಿರುವ,
ತಮ್ಮ ವಿಶ್ವಾಸಿ,
ನಟರಾಜು

ವಿ.ಸೂ.: ನಿನ್ನೆ ಹಿತ್ತಿಲಲ್ಲಿ ನಾನು ಹಾಡುತ್ತಿದ್ದಾಗ ತಾವಿಬ್ಬರೂ ತಾವಾಗಿಯೇ ಎದುರಿಗೆ ಬಂದು, ಬಿಸಿಲಿಗೆ ಹೊಟ್ಟೆ ಕೊಟ್ಟು, ಒಬ್ಬರ ಮೇಲೊಬ್ಬರು ಕಾಲು ಹಾಕಿ, ಪದ್ಯದ ನಟ್ಟನಡುವೆಯೇ ಗೊರಕೆ ಹೊಡೆದಿರಿ. ಊಳಿಟ್ಟಿದ್ದರೆ ಕ್ಷಮಿಸುತ್ತಿದ್ದೆ.