ಲೋಕಕ್ಕೆ ಸಲಹೆ ಕೊಡುವವರು ನನ್ನ ಕಾರಿನಲ್ಲಿ

ತುಂಬ ಕಲಿತವರನ್ನು ಕಾರಿನಲ್ಲಿ ಕೂರಿಸಿಕೊಂಡು ತಿರುಗುವವನಿಗೆ ನಗುವ ಸಂಗತಿಗಳಿಗೆ ಯಾವತ್ತೂ ಬರಗಾಲ ಇಲ್ಲ. ನಾನು ಏಳನೇ ಕ್ಲಾಸಿನ ಅರ್ಧದಲ್ಲಿ ಶಾಲೆ ಬಿಟ್ಟವ. ಲಾರಿಯಲ್ಲಿ ಕ್ಲೀನರ್ ಆದೆ, ಮೀನಿನ ಬೋಟು ಹತ್ತಿದೆ, ಗೋವಾದಲ್ಲಿ ಪಾತ್ರೆ ತೊಳೆದೆ. ಒಂದೇ ಊರಲ್ಲಿ ಎರಡು ಮಳೆಗಾಲ ಕಳೆದವನಲ್ಲ. ಈಗ ಬಂಟ್ವಾಳದಲ್ಲಿ ಬಾಡಿಗೆ ಕಾರು.

ಕಳೆದ ವರ್ಷ ಒಬ್ಬ ಸಾಹೇಬರು ಎಂಟು ದಿನಕ್ಕೆ ಕಾರು ಹಿಡಿದರು. ಹುಟ್ಟಿದ್ದು ಇಲ್ಲೇ, ಬದುಕಿದ್ದೆಲ್ಲ ವಿದೇಶದಲ್ಲಿ. ಬಡ ದೇಶಗಳಿಗೆ ಸಾಲ ಕೊಟ್ಟು, ಜೊತೆಗೆ ಹೇಗೆ ಬದುಕಬೇಕೆಂದೂ ಹೇಳಿಕೊಡುವ ದೊಡ್ಡ ಸಂಸ್ಥೆಯಲ್ಲಿ ಎರಡನೇ ಕುರ್ಚಿ ಅವರದು. ಮೊದಲನೇ ಕುರ್ಚಿ ಖಾಲಿಯಾಗಿತ್ತು. ಎಂಟನೇ ದಿನ ಅದಕ್ಕೆ ಸಂದರ್ಶನ, ಫೋನಿನ ವಿಡಿಯೋದಲ್ಲಿ. "ಇದು ತಪ್ಪಿದರೆ ಮತ್ತೆ ಅವಕಾಶ ಇಲ್ಲ ಮಾರಾಯ, ನಿವೃತ್ತಿಯೇ" ಎಂದು ಮೊದಲ ದಿನವೇ ಹೇಳಿದರು. ಅದಕ್ಕೆ ಮುಂಚೆ ಕುಟುಂಬದ ಮೂಲ ನಾಗನಿಗೆ ತಂಬಿಲ ಸೇವೆ ಮಾಡಿಸಲು ಬಂದಿದ್ದರು. ಲೋಕದ ಹಣಕಾಸನ್ನು ಬೆರಳ ತುದಿಯಲ್ಲಿ ಆಡಿಸುವವರಿಗೂ ಕುರ್ಚಿಯ ವಿಷಯದಲ್ಲಿ ನಾಗನ ಶಿಫಾರಸು ಬೇಕು!

ಬಂಟ್ವಾಳದ ಚಾ

ಪೇಟೆಯ ಹೋಟೆಲಿನಲ್ಲಿ ಚಾ ಕುಡಿಯುವಾಗ ಮಾಲಕರು ಕೇಳಿದರು, "ತಮ್ಮ ಕೆಲಸ ಎಂತದ್ದು?"

"ದೇಶಗಳಿಗೆ ಸಲಹೆ ಕೊಡುವುದು."

"ದೇಶಗಳು ಕೇಳ್ತವಾ?"

"ಕೇಳದೆ ಎಲ್ಲಿಗೆ ಹೋಗ್ತವೆ? ಸಾಲ ನಮ್ಮದಲ್ವಾ?"

"ಹಾಗಾದರೆ ಉದ್ಧಾರ ಆಗಿರಬೇಕು."

ಸಾಹೇಬರು ಗ್ಲಾಸು ಕೆಳಗಿಟ್ಟು ಗಂಭೀರವಾಗಿ ಹೇಳಿದರು, "ಅದು ನಮ್ಮ ಇಲಾಖೆಗೆ ಬರುವುದಿಲ್ಲ."

ಬೆಳ್ತಂಗಡಿಯ ಷರತ್ತು

ತಂಬಿಲ ಹೇಗೆ ಮಾಡಬೇಕೆಂದು ಕೇಳಲು ಬೆಳ್ತಂಗಡಿಯ ಒಬ್ಬ ಜೋಯಿಸರಲ್ಲಿಗೆ ಹೋದೆವು. ಅವರು ಕವಡೆ ಸರಿಸಿ ಪಟ್ಟಿ ಶುರುಮಾಡಿದರು. ಮೀನು ಬಿಡಬೇಕು, ಸಂಜೆಯ ಗ್ಲಾಸು ಬಿಡಬೇಕು, ಒಂದೇ ಹೊತ್ತು ಊಟ, ಚಾಪೆಯ ಮೇಲೆ ನಿದ್ದೆ.

"ಇಷ್ಟೊಂದು ಕಡಿತ ಮಾಡಿದರೆ ಮನುಷ್ಯ ಬದುಕುವುದು ಹೇಗೆ?" ಎಂದರು ಸಾಹೇಬರು. ದೇಶದೇಶಗಳ ಊಟ ಕಡಿತ ಮಾಡಿಸಿದವರ ಬಾಯಿಂದ ಈ ಮಾತು ಕೇಳಿ ನನಗೆ ಕೆಮ್ಮು ಬಂತು.

"ಎಲ್ಲ ಮಾಡಿಯೂ ಫಲ ಸಿಗದಿದ್ದರೆ?" ಅಂತ ಮತ್ತೆ ಕೇಳಿದರು.

"ಹಾಗಾದರೆ ನೀವು ಸರಿಯಾಗಿ ಪಾಲಿಸಲಿಲ್ಲ ಅಂತ ಅರ್ಥ" ಎಂದರು ಜೋಯಿಸರು.

ಸಾಹೇಬರ ಮುಖ ಅರಳಿತು. "ಅರೆ, ನಮ್ಮ ವರದಿಗಳ ಕೊನೇ ಪುಟದಲ್ಲಿ ಇದೇ ವಾಕ್ಯ ಉಂಟು!"

ಮೂಡಬಿದ್ರೆಯ ಪಂಚಾಂಗ

ಮೂಡಬಿದ್ರೆಯಲ್ಲಿ ಎಳನೀರು ಕುಡಿಯಲು ನಿಂತಾಗ ಬೆಂಚಿನಲ್ಲಿ ಒಬ್ಬ ಅಜ್ಜ ಕುಕ್ಕುಟ ಪಂಚಾಂಗ ಓದುತ್ತಿದ್ದರು. ಯಾವ ದಿನ, ಯಾವ ಹೊತ್ತಿಗೆ, ಯಾವ ಬಣ್ಣದ ಕೋಳಿ ಅಂಕದ ಕಾಳಗದಲ್ಲಿ ಗೆಲ್ಲುತ್ತದೆ ಎಂದು ಹೇಳುವ ಪುಸ್ತಕ ಅದು.

ಸಾಹೇಬರಿಗೆ ಕನಿಕರ ಬಂತು. "ಇದನ್ನು ನಂಬುತ್ತೀರಾ? ನಾವೂ ಭವಿಷ್ಯ ಹೇಳ್ತೇವೆ, ಆದರೆ ಕಂಪ್ಯೂಟರಿನಲ್ಲಿ."

"ಸರಿಯಾಗ್ತದಾ?"

"ತಪ್ಪಾದರೆ ಮೂರು ತಿಂಗಳಿಗೊಮ್ಮೆ ತಿದ್ದುತ್ತೇವೆ."

ಅಜ್ಜ ಪುಟ ಮಡಚಿದರು. "ಇದು ತಪ್ಪಿದರೆ ನನ್ನ ಒಂದು ಕೋಳಿ ಗೆದ್ದವನ ಊಟಕ್ಕೆ ಪದಾರ್ಥ ಆಗ್ತದೆ, ಅಷ್ಟೆ. ನಿಮ್ಮದು ತಿದ್ದುವಷ್ಟರಲ್ಲಿ ಎಷ್ಟು ದೇಶ ಪದಾರ್ಥ ಆಗಿರ್ತದೋ!"

ವಾಮದಪದವಿನ ಸಂದರ್ಶನ

ಎಂಟನೇ ದಿನ. ಸಾಹೇಬರ ನಾಗಬನ ವಾಮದಪದವಿನಿಂದ ತುಂಬ ಒಳಗೆ. ತಂಬಿಲ ಮುಗಿಯುವಾಗ ಹೊತ್ತಾಯಿತು, ಪೇಟೆಗೆ ಹೋಗಿ ಮುಟ್ಟುವ ಹಾಗಿಲ್ಲ, ಸಂದರ್ಶನಕ್ಕೆ ಕಾಲು ಗಂಟೆ ಉಂಟು. ಆ ಕಡೆ ನೆಟ್‌ವರ್ಕ್ ಸಿಗುವುದು ಒಂದೇ ಜಾಗದಲ್ಲಿ, ಗುಡ್ಡದ ಮೇಲಿನ ಮಾವಿನ ಮರದ ಬುಡ. ರೇಷನ್ ಅಂಗಡಿಯವರೂ ಹೆಬ್ಬೆಟ್ಟಿನ ಯಂತ್ರ ಹಿಡಿದುಕೊಂಡು ಅಲ್ಲಿಗೇ ಬರುತ್ತಾರೆ. ಅವತ್ತು ಅಕ್ಕಿಯ ದಿನ. ಚೀಲ ಹಿಡಿದು ಮೂವತ್ತು ಜನರ ಸಾಲು.

ಸಾಹೇಬರು ಮರದ ಬುಡದಲ್ಲಿ ಕೂತರು. ಮೇಲೆ ಕೋಟು, ಟೈ. ಕೆಳಗೆ ಪೂಜೆಯ ಒದ್ದೆ ಪಂಚೆ. ವಿಡಿಯೋ ಶುರುವಾದದ್ದೇ ಹೆಬ್ಬೆಟ್ಟಿನ ಯಂತ್ರ ನಿಂತಿತು. ಇದ್ದ ಒಂದು ತುಂಡು ನೆಟ್‌ವರ್ಕನ್ನು ಇವರೇ ನುಂಗಿದ್ದರು.

"ಅವರ ಮಾತು ಮುಗಿಯಲಿ" ಎಂದರು ಅಂಗಡಿಯವರು. ಮುಗಿಯಲಿಲ್ಲ. ಸಾಲಿನಲ್ಲಿದ್ದ ಒಬ್ಬರು ನಿವೃತ್ತ ಟೀಚರ್ ಸಾಹೇಬರ ಇಂಗ್ಲಿಷನ್ನು ಎಲ್ಲರಿಗೂ ತುಳುವಿನಲ್ಲಿ ಹೇಳತೊಡಗಿದರು.

"ಅಗ್ಗದ ಅಕ್ಕಿ ಕೊಡುವುದನ್ನು ನಿಲ್ಲಿಸಬೇಕಂತೆ."

ಸಾಲು ಒಂದು ಹೆಜ್ಜೆ ಮುಂದೆ ಬಂತು.

"ನಿಲ್ಲಿಸಿದರೆ ಜನರಿಗೆ ಸ್ವಲ್ಪ ಕಾಲ ನೋವಾಗ್ತದಂತೆ. ಮತ್ತೆ ಒಳ್ಳೆಯದಾಗ್ತದಂತೆ."

ಎಲ್ಲರಿಗಿಂತ ಮುಂದೆ ನಿಂತಿದ್ದ ಬೀಡಿ ಕಟ್ಟುವ ಅಜ್ಜಿ ಕೇಳಿದರು, "ಸ್ವಲ್ಪ ಅಂದರೆ ಎಷ್ಟು? ಕೇಳಿ ಟೀಚರ್."

ಟೀಚರ್ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಕೇಳಿಯೇಬಿಟ್ಟರು. ಫೋನಿನೊಳಗಿದ್ದ ಐದು ಮುಖಗಳೂ ಉತ್ತರಕ್ಕೆ ಕಾದವು. ಸಾಹೇಬರು ಬೆವರು ಒರೆಸಿ, "ಮೂರರಿಂದ ಐದು ವರ್ಷ" ಎಂದರು.

"ಆಯ್ತು, ಐದು ವರ್ಷ ನಾವು ತಡೀತೇವೆ" ಎಂದರು ಅಜ್ಜಿ. "ಅವರು ಐದು ನಿಮಿಷ ಫೋನು ಬಂದ್ ಮಾಡಲಿ. ನನ್ನ ಹೆಬ್ಬೆಟ್ಟು ಆಗಲಿ."

ಟೀಚರ್ ಅದನ್ನೂ ಹೇಳಿದರು. ಫೋನಿನೊಳಗಿನ ಹಿರಿಯರು ಜೋರಾಗಿ ನಕ್ಕು, ಅಜ್ಜಿಯ ಕೆಲಸ ಮುಗಿಯಲಿ, ನಾವು ಕಾಯುತ್ತೇವೆ ಎಂದರಂತೆ. ಸಾಹೇಬರು ಹಲ್ಲು ಕಚ್ಚಿ ಫೋನು ಬಂದ್ ಮಾಡಿದರು.

"ಸರ್ವರ್ ಬಂತು! ಓಡಿ ಬನ್ನಿ, ಹೋಗುವ ಮೊದಲು ಒತ್ತಿ!" ಎಂದು ಅಂಗಡಿಯವರು ಕೂಗಿದ್ದೇ ಮೂವತ್ತು ಜನವೂ ಯಂತ್ರದ ಮೇಲೆ ಬಿದ್ದರು. ಬೀಡಿ ಕಟ್ಟಿ ಸವೆದ ಬೆರಳು ಯಂತ್ರಕ್ಕೆ ಕಾಣುವುದಿಲ್ಲ. ಒರೆಸುವುದು, ಉಜ್ಜುವುದು, ಇನ್ನೊಂದು ಬೆರಳು ಕೊಡುವುದು. ಐದು ನಿಮಿಷದ ಮೇಲೆ ಸಾಹೇಬರು ಫೋನು ಹಚ್ಚಿದರೆ ಬರೀ ಚಕ್ರ ತಿರುಗುತ್ತದೆ. "ದಯವಿಟ್ಟು ನಿಲ್ಲಿಸಿ!" ಎಂದು ಕೈಮುಗಿದರು. "ಸಾಲಿನಲ್ಲಿ ಬನ್ನಿ!" ಎಂದರು ಯಾರೋ ಹಿಂದಿನಿಂದ.

ಗುಡ್ಡ ಇಳಿದು ಪೇಟೆಗೆ ಬರುವಾಗ ಸಂದೇಶ ಬಂತು. ಸಮಯ ಮುಗಿದಿದೆ, ಬೇರೆಯವರನ್ನು ಆರಿಸಿದ್ದೇವೆ, ಧನ್ಯವಾದ.

ಸಾಹೇಬರು ಸೀಟಿಗೆ ಒರಗಿ ಕಣ್ಣು ಮುಚ್ಚಿದರು. "ನನಗೆ ಎಷ್ಟು ನೋವಾಗ್ತಾ ಉಂಟು ಅಂತ ನಿನಗೆ ಗೊತ್ತುಂಟಾ ಮಾರಾಯ?"

"ಗೊತ್ತುಂಟು ಸಾರ್" ಎಂದೆ ಗೇರು ಬದಲಿಸುತ್ತಾ. "ಮೂರರಿಂದ ಐದು ವರ್ಷ. ಮತ್ತೆ ಒಳ್ಳೆಯದಾಗ್ತದೆ."