ಪೇಪರ್ ಲೋಟದ ಪ್ರಬಂಧ

ನಂಬಲ್ಲ ಅನ್ನೋರು ಈಗಲೇ ಹೇಳಿಬಿಡಿ, ತಿಪಟೂರಿಗೆ ಕರಕೊಂಡು ಹೋಗಿ ಆ ಮನೆ ಬಾಗಿಲು ತೋರಿಸ್ತೀನಿ. ಹುಳಿಯಾರು ಕಡೆಯ ನಮ್ಮ ಹಟ್ಟಿಯಿಂದ ಡಿಗ್ರಿ ಕಾಲೇಜಿಗೆ ಹೋದ ಮೊದಲನೇ ಗಂಡು ನಾನು. ಇಂಥವನಿಗೆ ಇಂಥವು ಆಗ್ತಾನೇ ಇರ್ತವೆ.

ರೂಮು

ರೂಮು ಹುಡುಕೋಕೆ ಹೋದವರು ನಾನು, ನನ್ನ ಗೆಳೆಯ. ಅವನು ಅಸ್ಸಾಮಿನವನು. ಅವರಪ್ಪ ಕೊಬ್ಬರಿ ಶೆಡ್ಡಿನ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಮುಖ ನೋಡಿದರೆ ದೂರದವನು, ಬಾಯಿ ಬಿಟ್ಟರೆ ಹೊನ್ನವಳ್ಳಿ ಕನ್ನಡ.

ನಮ್ಮ ಕಡೆ ಜಾತಿ ನೇರ ಕೇಳಲ್ಲ, ಸುತ್ತು ಬಳಸ್ತಾರೆ. ಆ ಮೂಲೆ ಮನೆ ಯಜಮಾನಿ ಮನೆದೇವರು ಯಾವುದು, ಹಬ್ಬಕ್ಕೆ ಏನು ಮಾಡ್ತೀರಿ ಅಂದರು. ನಾನು ಎದೆ ಉಬ್ಬಿಸಿ ಎಲ್ಲಾ ಹೇಳಿದೆ. ಆಯಮ್ಮನಿಗೆ ಲೆಕ್ಕ ಸಿಕ್ತು. ಅವನನ್ನೂ ಕೇಳಿದರು. ಅವನು ಹೇಳಿದ ದೇವರು ಆಯಮ್ಮನ ಯಾವ ಲೆಕ್ಕಕ್ಕೂ ಸಿಗಲಿಲ್ಲ. ಜಗಲಿಗೇ ಕಾಫಿ ಬಂತು. ಅವನಿಗೆ ಸ್ಟೀಲ್ ಲೋಟ, ನನಗೆ ಪೇಪರ್ ಲೋಟ. ಅವನೊಬ್ಬನೇ ಆದರೆ ರೂಮು ಖಾಲಿ ಇದೆಯಂತೆ. ಅವನು ಬೇಡ ಅಂದು ನನ್ನ ಜೊತೆ ಇಳಿದು ಬಂದ.

ದಾರಿಯಲ್ಲಿ ಅಂದ: “ದಿನಾ ನನ್ನ ಚೀನಾ ಅಂತಾರೆ. ಇವತ್ತು ನಿನಗಿಂತ ನಾನೇ ಈ ಊರೋನಾದೆ ಕಣ್ಲಾ.”

ಯಾವುದರಲ್ಲಿ?

ಅದೇ ವಾರ ಕನ್ನಡ ಮೇಡಂ ಪ್ರಬಂಧ ಕೊಟ್ಟರು: ಮುಖ, ಬಣ್ಣ, ಕುಲ ನೋಡಿ ಜನ ನಿಮ್ಮನ್ನು ಅಳೆದ ಒಂದು ದಿನ. ಒಳ್ಳೆಯವನ್ನು ಕಾಲೇಜು ಡೇ ದಿನ ಓದಿಸ್ತಾರೆ. ಓದೋನು ನಾನೇ ಅಂತ ಹಟ್ಟಿಗೆಲ್ಲ ಸಾರಿಬಿಟ್ಟಿದ್ದೆ. ಹಟ್ಟಿಯೋರನ್ನ ಕರಕೊಂಡು ಬರೋಕೆ ನಮ್ಮ ಮಾವ ಟೆಂಪೋ ಮಾತಾಡಿ ಆಗಿತ್ತು.

ವಂಶದ ಪ್ರತಾಪವೆಲ್ಲ ಬರೆದು, ಕೊನೆಗೆ ‘ಮನೆಯವರು ಆದರದಿಂದ ಕಾಫಿ ಕೊಟ್ಟರು’ ಅಂದೆ. ಮೇಡಂ ಕೆಂಪು ಪೆನ್ನಲ್ಲಿ ‘ಯಾವುದರಲ್ಲಿ?’ ಅಂತ ಬರೆದು ವಾಪಸ್ ಕೊಟ್ಟರು. ‘ಒಂದು ಪಾತ್ರೆಯಲ್ಲಿ’ ಅಂತ ತಿದ್ದಿದೆ. ಮತ್ತೆ ವಾಪಸ್. ‘ಇಬ್ಬರಿಗೂ ಪೇಪರ್ ಲೋಟ’ ಅಂದೆ. ಮೇಡಂ ಹಾಳೆಗಳನ್ನು, ಕೊಬ್ಬರಿಗೆ ಅಟ್ಟಕ್ಕೆ ಹಾಕಿದ ಕಾಯಿಯ ನೀರು ಒಣಗಿದೆಯಾ ಅಂತ ನೋಡೋ ಹಾಗೆ, ಕಿವಿ ಹತ್ತಿರ ಕುಲುಕಿದರು.

“ಇನ್ನೂ ನೀರು ಅಲ್ಲಾಡ್ತಿದೆ ಕಣಪ್ಪ. ನಿನ್ನ ಗೆಳೆಯಂದೂ ಓದಿದೀನಿ.”

ಹಟ್ಟಿಯ ಹುಲಿ ಜಗಲಿ ಮೇಲೆ ಪೇಪರ್ ಲೋಟ ಹಿಡಿದು ಕೂತಿದ್ದ ಅಂತ ಮಾವನ ಮುಂದೆ ಓದೋದು ಹೆಂಗೆ? ಬಸ್ಸಲ್ಲಿ ಏಕವಚನದಲ್ಲಿ ಮಾತಾಡಿದ ಕಂಡಕ್ಟರನ ಕೊರಳಪಟ್ಟಿ ಹಿಡಿದ ಮನುಷ್ಯ ಅವನು. ಕೊನೆಗೆ ವಂಶವನ್ನೆಲ್ಲ ಹೊಡೆದುಹಾಕಿ ಬರೆದೆ: ಅವನಿಗೆ ಸ್ಟೀಲ್, ನನಗೆ ಪೇಪರ್. ನಾನು ಸುಮ್ಮನೆ ಕುಡಿದೆ.

ಮೇಡಂ ಕುಲುಕಲಿಲ್ಲ. ವಂಶದಲ್ಲಿ ಯಾರೂ ಇಷ್ಟು ಚಿಕ್ಕದಾಗಿ ಮಾತಾಡಿದ್ದಿಲ್ಲ.

ವೇದಿಕೆ

ನಾನೇನು ಹೆದರೋನಲ್ಲ, ಮೈಕೇ ನಡುಗ್ತಿತ್ತು. ಓದಿ ಮುಗಿಸಿದೆ. ಮುಂದಿನ ಸಾಲಲ್ಲಿ ಮಾವ ಎದ್ದು ನಿಂತ. ಮುಗೀತು ಕಥೆ ಅಂದುಕೊಂಡೆ.

“ಅದೇ ಮೂಲೆ ಮನೆ ಏನ್ಲಾ?”

ಹೂಂ ಅಂದೆ.

“ಅವರ ತೋಟದಲ್ಲಿ ಕಾಯಿ ಕೀಳೋಕೆ ಹೋದಾಗ ನಂಗೆ ಕರಟದಲ್ಲಿ ಕೊಟ್ಟಿದ್ರು. ನಿಂದು ಎಷ್ಟೋ ವಾಸಿ ಬುಡು.”

ಟೆಂಪೋದಲ್ಲಿ ಬಂದವರೆಲ್ಲ ಬಿದ್ದೂ ಬಿದ್ದೂ ನಕ್ಕರು. ಮೇಡಂ ಮಾತ್ರ ನಗಲಿಲ್ಲ, ಕೂರಿ ಅಂತ ಮಾವನಿಗೆ ತಮ್ಮ ಕುರ್ಚಿ ಕೊಟ್ಟರು.

ಮೊದಲ ಬಹುಮಾನ ಅಸ್ಸಾಮಿನವನಿಗೆ, ಸ್ಟೀಲ್ ತಟ್ಟೆ. ಅವನೂ ಅದೇ ಕಾಫಿ ಬರೆದಿದ್ದ, ಸಕ್ಕರೆ ಇರಲಿಲ್ಲ ಅನ್ನೋದನ್ನೂ ಸೇರಿಸಿ. ನನಗೆ ಎರಡನೇ ಬಹುಮಾನ. ಒಂದು ಸ್ಟೀಲ್ ಲೋಟ ಕೊಟ್ಟರು.