ದಿಬ್ಬ ಬೆಳೆಸಿದ ಪಾಪ

ಸುಳ್ಳು ಹೇಳುವವರಲ್ಲಿ ಎರಡು ಬಗೆ. ಬಾಯಿಂದ ಹೇಳುವವರು ಮತ್ತು ಕೈಯಿಂದ ಹೇಳುವವರು. ನಾನು ಎರಡನೆಯ ಬಗೆ. ಈ ಎಪ್ಪತ್ತೊಂದು ವರ್ಷಗಳಲ್ಲಿ ನಾನು ಬಾಯಿಂದ ಹೇಳಿದ ಸುಳ್ಳುಗಳೆಲ್ಲ, ಒಂದೆರಡು ಬಿಟ್ಟರೆ, ಹೆಂಡತಿಗೆ ಹೇಳಿದವು. ಅವನ್ನು ಆಕೆ ಒಂದು ದಿನವೂ ನಂಬಿದ್ದಿಲ್ಲ, ಹಾಗಾಗಿ ಅವು ಸುಳ್ಳಾಗಿ ಕೆಲಸ ಮಾಡಿಲ್ಲ. ಕೈಯಿಂದ ಹೇಳಿದವು ಮಾತ್ರ ಜಹೀರಾಬಾದಿನಿಂದ ತಾಂಡೂರಿನವರೆಗೆ ಕೆರೆಗಳಲ್ಲಿ, ಕಾಲುವೆಗಳಲ್ಲಿ ಹರಡಿಕೊಂಡಿವೆ. ಅವುಗಳ ಮೇಲೆ ಹುಲ್ಲು ಬೆಳೆದಿದೆ. ಆ ಹುಲ್ಲನ್ನೂ ನಾನೇ ನೆಟ್ಟಿದ್ದೆ.

ಹತ್ತನೇ ತರಗತಿ ಮುಗಿಸಿ ನೀರಾವರಿ ಇಲಾಖೆಯಲ್ಲಿ ಮಣ್ಣು ಕೆಲಸದ ಅಳತೆಗೆ ಸೇರಿದವನು ನಾನು. ನೆಲ ಅಗೆಯುವಾಗ ಅಲ್ಲಲ್ಲಿ ಒಂದಿಷ್ಟು ಜಾಗವನ್ನು ಅಗೆಯದೆ ಹಾಗೇ ಬಿಡುವುದು ನಮ್ಮ ಪದ್ಧತಿ. ಮೊದಲು ನೆಲ ಎಷ್ಟು ಎತ್ತರವಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ಅದಕ್ಕೇ ಅದನ್ನು ಸಾಕ್ಷಿ ದಿಬ್ಬ ಎನ್ನುತ್ತೇವೆ. ಅದರ ತಲೆಯಿಂದ ಗುಂಡಿಯ ತಳಕ್ಕೆ ಟೇಪು ಬಿಟ್ಟರೆ ಆಳ ಸಿಕ್ಕಿತು. ಈಗ ಆ ತಲೆಯ ಮೇಲೆ ಮಣ್ಣು ಸುರಿದು, ನೀರು ಚಿಮುಕಿಸಿ, ಸಲಿಕೆಯ ಬೆನ್ನಿನಿಂದ ತಟ್ಟಿ, ಮೇಲೆ ಬೇರುಸಹಿತ ಗರಿಕೆ ಕೂಡಿಸಿ ನೋಡಿ. ಯಾರೂ ಅಗೆಯದೆಯೇ ಗುಂಡಿ ಅರ್ಧ ಅಡಿ ಆಳವಾಗುತ್ತದೆ, ಅಗೆದವನ ಬಿಲ್ಲೂ ಅಷ್ಟು ಬೆಳೆಯುತ್ತದೆ. ನಾರಾಯಣಖೇಡದ ಒಂದು ಕೆರೆಯಲ್ಲಿ ತಪಾಸಣೆಗೆ ಬಂದ ದಪ್ಪನೆಯ ಸಾಹೇಬರೊಬ್ಬರು ದಣಿವಾರಿಸಿಕೊಳ್ಳಲು ಇಂಥದೇ ದಿಬ್ಬದ ಮೇಲೆ ಕೂತರು. ಕೂತವರು ನಿಧಾನವಾಗಿ ಕೆಳಗಿಳಿಯತೊಡಗಿದರು. "ಏನಿದು?" ಎಂದು ಗಾಬರಿಯಾದರು. "ಇಲ್ಲಿ ಹೆಗ್ಗಣ ಬಾಳ ಅವ್ರಿ ಸಾಹೇಬ್ರ" ಎಂದೆ. ಅವರು ಪ್ಯಾಂಟು ಝಾಡಿಸಿಕೊಂಡು ಜೀಪಿನವರೆಗೆ ಓಡಿದರು. ಆ ದಿನ ನಕ್ಕಷ್ಟು ನಾನು ಮತ್ತೆಂದೂ ನಕ್ಕಿಲ್ಲ. ಈಗ ನೆನೆದರೆ ಮುಖ ಬಿಸಿಯಾಗುತ್ತದೆ.

ನಿವೃತ್ತಿಯ ಮೇಲೆ ಮನೆಯಲ್ಲಿ ಕೂತಲ್ಲಿ ಕೂಡಲಾಗದೆ ಗುತ್ತಿಗೆದಾರ ವೀರಣ್ಣನ ಬಳಿ ಮೇಲುಸ್ತುವಾರಿಗೆ ಸೇರಿಕೊಂಡೆ. ಮೊಗುಡಂಪಲ್ಲಿಯ ಹತ್ತಿರ ದೊಡ್ಡದೊಂದು ಹೊಂಡ ಅಗೆಯುವ ಕೆಲಸ. ಮಷೀನು ಯಾಲಾಲಿನ ನರಸಪ್ಪನದು. ಅಳತೆಗೆ ಬಂದವಳು ತಾಂಡೂರಿನ ಶೈಲಜಾ, ನನ್ನ ಮೊಮ್ಮಗಳ ವಯಸ್ಸಿನ ಇಂಜಿನಿಯರ್. ಹಾರ್ಮೋನಿಯಂ ಪೆಟ್ಟಿಗೆಯಂಥದನ್ನು ತೆರೆದು ಒಂದು ಡ್ರೋನ್ ತೆಗೆದಳು, ಹಾರಿಸಿದಳು. ನಾನು ಬಾಯಿ ತೆರೆದು ನೋಡುತ್ತಿರುವಾಗಲೇ ಅಗೆಯುವ ಮೊದಲಿನ ನೆಲವನ್ನೆಲ್ಲ ಅಳೆದು ಮುಗಿಸಿದಳು.

"ಇನ್ನ ದಿಬ್ಬಾ ಗಿಬ್ಬಾ ಬ್ಯಾಡ್ರಿ ಕಾಕಾ" ಎಂದಳು.

"ಮ್ಯಾಲ ಹಾರೂದಕ್ಕ ಕೆಳಗಿಂದು ಏನ್ ಮಾಲೂಮವ್ವಾ? ಇರ್ಲಿ ಬಿಡು, ಸಾಕ್ಷಿ ಇರಬೇಕು" ಎಂದು ಹಟ ಹಿಡಿದು ಏಳು ದಿಬ್ಬ ಬಿಡಿಸಿದೆ. ಪ್ರತಿ ದಿಬ್ಬವನ್ನು ಸುತ್ತುವಾಗಲೂ ನರಸಪ್ಪ ನನ್ನ ವಂಶದವರನ್ನೆಲ್ಲ ನೆನೆಯುತ್ತಿದ್ದ.

ಎರಡನೆಯ ಹಾರಾಟದ ಹಿಂದಿನ ದಿನ. ಮಷೀನು ನಾಲ್ಕು ದಿನ ಕೆಟ್ಟು ನಿಂತಿದ್ದರಿಂದ ಆಳ ಕಡಿಮೆ ಬಿದ್ದಿತ್ತು. ನರಸಪ್ಪ ಬಿಡಿಭಾಗ ತರಲು ಜಹೀರಾಬಾದಿಗೆ ಹೋಗಿದ್ದ. ಮಧ್ಯಾಹ್ನ, ಹೊಂಡದಲ್ಲಿ ನಾನೊಬ್ಬನೇ, ಎದುರಿಗೆ ಏಳು ದಿಬ್ಬ, ಪಕ್ಕದಲ್ಲಿ ಬುಟ್ಟಿ, ಸಲಿಕೆ. ನನ್ನನ್ನು ಯಾರೂ ಕೇಳಿರಲಿಲ್ಲ. ಪಾಪ, ನರಸಪ್ಪನಿಗೆ ಅನುಕೂಲವಾಗಲಿ ಎಂದುಕೊಂಡೆ. ಖರೆ ಹೇಳಬೇಕೆಂದರೆ ಕೈ ತುರಿಸುತ್ತಿತ್ತು. ಸಂಜೆಯೊಳಗೆ ಏಳೂ ದಿಬ್ಬ ಅರ್ಧರ್ಧ ಅಡಿ ಬೆಳೆದು, ತಲೆಯ ಮೇಲೆ ಗರಿಕೆ ಹೊತ್ತು, ಹುಟ್ಟಿದಾಗಿನಿಂದ ಹಾಗೇ ಇದ್ದಂತೆ ನಿಂತವು.

ಮರುದಿನ ಡ್ರೋನ್ ಹಾರಿತು. ಶೈಲಜಾ ಪರದೆಯ ಮೇಲೆ ಹೊಸ ಅಳತೆಯನ್ನು ಹಳೆಯ ಅಳತೆಯ ಮೇಲಿಟ್ಟಳು. ನೆಲ ಇಳಿದಲ್ಲೆಲ್ಲ ನೀಲಿ. ಆ ನೀಲಿಯ ನಡುವೆ ಏಳು ಕೆಂಪು ಚುಕ್ಕೆ, ಮೈಮೇಲೆ ದಡಾರ ಎದ್ದಂತೆ. "ಏಳು ಕಡಿ ನೆಲ ಮ್ಯಾಲ ಬಂದಾದ. ನೆಲ ಹ್ಯಾಂಗ ಬೆಳೀತದ?" ಎಂದಳು. ವೀರಣ್ಣ ನರಸಪ್ಪನ ಕಡೆ ತಿರುಗಿದ. "ಆಳ ಕಮ್ಮಿ ಬಿದ್ದಿದ್ದು ನಿಂದು. ದಿಬ್ಬ ಏರಿಸಿದವ ನೀನಲ್ದ ಮತ್ಯಾರು? ನಾಳಿ ಸಂಜಿಗಿ ಮಷೀನ್ ತಗೊಂಡು ನಡಿ. ಈ ಕಡಿ ಯಾರೂ ನಿನ್ನ ಕೆಲಸಕ್ಕ ಕರೀಬಾರ್ದು, ಹಂಗ ಮಾಡ್ತೀನಿ." ನರಸಪ್ಪ ಮಕ್ಕಳ ಮೇಲೆ ಆಣೆ ಮಾಡಿದ. ನಾನು? ನಾನು ನನ್ನ ಚಪ್ಪಲಿಯ ಉಂಗುಷ್ಟ ಸರಿಯಿದೆಯೇ ಎಂದು ಬಹಳ ಹೊತ್ತು ಪರೀಕ್ಷಿಸಿದೆ.

ಅವತ್ತು ಕಾಲು ನೆಲಕ್ಕೆ ಹತ್ತಲಿಲ್ಲ. ಮನೆಗೆ ಹೋಗಲು ಜಹೀರಾಬಾದಿನ ಬಸ್ಸು ಹಿಡಿಯುವ ಬದಲು ಬೀದರಿನ ಬಸ್ಸು ಹತ್ತಿ ರಾಜ್ಯದ ಗಡಿಯನ್ನೇ ದಾಟಿಬಿಟ್ಟೆ. ಕಂಡಕ್ಟರ್ "ಎಲ್ಲಿಗ್ರಿ ಅಜ್ಜಾ?" ಎಂದ. ಓಡಿಹೋಗುತ್ತಿದ್ದೇನೆ ಎಂದರೆ ಅದಕ್ಕೆ ಟಿಕೆಟ್ ಕೊಡುತ್ತಾರೆಯೇ? ಇಳಿದು ತಿರುಗಿ ಬಂದೆ. ಮರುದಿನ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆ ಅದೂ ಅರ್ಧ ಅಡಿ ಎತ್ತರಿಸಿದಂತೆ ಕಂಡಿತು. ಹೆಂಡತಿ ಇಣುಕಿ ನೋಡಿ, "ಏನ್ ಮಾಡೀರಿ ಮೊದ್ಲ ಅದು ಹೇಳ್ರಿ, ಆಮ್ಯಾಲ ಪೂಜಿ ಮಾಡ್ರಿ" ಎಂದಳು. ಹೇಳಿದೆ. "ನನ್ನ ಮುಂದ ಹೇಳಿ ಏನ್ ಫಾಯ್ದಾ? ಅಲ್ಲಿ ಹೋಗಿ ಹೇಳ್ರಿ" ಎಂದು ಛತ್ರಿ ಕೈಗಿತ್ತಳು.

ಹೊಂಡದ ಬಳಿ ಮೂವರೂ ಇದ್ದರು. "ದಿಬ್ಬಾ ಏರಿಸಿದವ ನಾನು. ನರಸಪ್ಪಗ ಸಹಾಯ ಆಗ್ಲಿ ಅಂತ" ಎಂದೆ.

"ಸಹಾಯ!" ನರಸಪ್ಪ ಎರಡೂ ಕೈ ಜೋಡಿಸಿದ. "ಕಾಕಾ, ನಿಮ್ಮ ಪಾದಕ್ಕ ಬೀಳ್ತೀನಿ, ಇನ್ನ ನಂಗ ಸಹಾಯ ಮಾಡಾಕ ಬರಬ್ಯಾಡ್ರಿ. ದುಶ್ಮನ್ ಸೈತ ಇಷ್ಟು ಮಾಡಂಗಿಲ್ಲ."

ಆದರೆ ವೀರಣ್ಣ ನಂಬಲಿಲ್ಲ. ಜೀವಮಾನವಿಡೀ ಸುಳ್ಳು ಅಳತೆ ಕೊಟ್ಟಾಗ ಎಲ್ಲರೂ ನಂಬಿದರು. ಖರೆ ಹೇಳಿದ ದಿನ ನಂಬಬೇಕಾದವನೇ ನಂಬಲಿಲ್ಲ. "ಮುದುಕರು, ನರಸಪ್ಪನ ಉಳಸಾಕ ಬಂದಾರ. ಈ ವಯಸ್ಸಿನಾಗ ಏಳು ದಿಬ್ಬಕ್ಕ ಮಣ್ಣು ಹೊರತಾರೇನು?" ಎಂದ. ಶೈಲಜಾ ಸಲಿಕೆ ತಂದು ನನ್ನ ಮುಂದಿಟ್ಟಳು. "ಹಾಕಿದವ್ರೇ ತೆಗೀಲಿ. ನಾಳಿ ಮತ್ತ ಹಾರಸ್ತೀನಿ. ಅಲ್ಲೀತನಾ ಮಷೀನ್ ಇಲ್ಲೇ ಇರ್ಲಿ."

ಬಿಸಿಲಿನಲ್ಲಿ ಒಂದೊಂದೇ ದಿಬ್ಬ ಹತ್ತಿ ಕೆತ್ತಿದೆ. ನಾನು ಹಾಕಿದ್ದಷ್ಟನ್ನೇ ತೆಗೆದು ನಿಲ್ಲಿಸಬೇಕಿತ್ತು. ಮನಸ್ಸು ನಿಲ್ಲಗೊಡಲಿಲ್ಲ. ಹಳೆಯ ಕೆರೆಗಳ ಪಾಲನ್ನೂ ಇಲ್ಲೇ ತೀರಿಸಿಬಿಡೋಣ ಎಂಬಂತೆ ಇನ್ನಷ್ಟು ಕೆತ್ತಿದೆ.

ಮರುದಿನ ಡ್ರೋನ್ ಹಾರಿ ಇಳಿಯಿತು. ಶೈಲಜಾ ಪರದೆ ನೋಡಿದಳು, ನನ್ನನ್ನು ನೋಡಿದಳು. "ಕಾಕಾ, ಈಗ ಎರಡೆರಡು ಇಂಚು ಕೆಳಗ ಹೋಗ್ಯಾವ." ನರಸಪ್ಪ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಅಷ್ಟರಲ್ಲಿ ಆಕೆಯೇ ವೀರಣ್ಣನನ್ನು ಕರೆದಳು. "ನೋಡ್ರಿಲ್ಲಿ. ಏರಿದಾಗ ಏಳೂ ಒಂದೇ ಸಮ ಏರಿದ್ವು, ಇಳಿದಾಗ ಏಳೂ ಒಂದೇ ಸಮ ಇಳದಾವ. ಕೂದಲಷ್ಟು ಫರಕ್ ಇಲ್ಲ. ನರಸಪ್ಪ ಅಗದ ತಳ ನೋಡ್ರಿ, ಎಮ್ಮಿ ಹೊರಳಾಡಿದಂಗ ಅದ. ಇದು ಆತನ ಕೈ ಕೆಲಸ ಹ್ಯಾಂಗ ಆಗ್ತದ?"

ವೀರಣ್ಣ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. "ಖರೇನೇ. ಆತು, ನರಸಪ್ಪಾ, ಮಷೀನ್ ಚಾಲೂ ಮಾಡು" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಏನ್ ಕೈ ಅದರೀ ನಿಮ್ಮದು, ಕಾಕಾ!" ಎಂದ.

ನಾಚಿಕೆಯಿಂದ ಆ ಹೊಂಡದಲ್ಲೇ ಇಳಿದುಹೋಗಬೇಕಿತ್ತು ನಾನು. ನಲವತ್ತು ವರ್ಷ ಅಷ್ಟು ಚೆಂದವಾಗಿ ಮಾಡಿದ ಕೆಲಸ; ಯಾರ ಕಣ್ಣಿಗೂ ಬೀಳಬಾರದು ಎಂಬುದೇ ಅದರ ಗುಟ್ಟಾಗಿದ್ದರಿಂದ ಒಬ್ಬರೂ ಹೊಗಳಿರಲಿಲ್ಲ. ತಪ್ಪೊಪ್ಪಿಕೊಳ್ಳಲು ಹೋದ ಮುದುಕ ಹಲ್ಲು ಕಿರಿದು ನಿಂತ. ನಿಂತದ್ದಷ್ಟೇ ಅಲ್ಲ, ಆ ಏಳು ಚುಕ್ಕೆಗಳ ಚಿತ್ರದ ಒಂದು ಪ್ರತಿ ಕೊಡವ್ವಾ, ಮನೆಯಲ್ಲಿ ತೋರಿಸಬೇಕು ಎಂದು ಶೈಲಜಾಳನ್ನು ಕೇಳಿಯೂಬಿಟ್ಟ.